ಕೊನೆಯವರು ಬರುವ ತನಕ ನೀರಿರಬೇಕು

ನವೆಂಬರ್ ಹತ್ತಿರ ಬಂತೆಂದರೆ ಕೇರಳದ ಕಾಸರಗೋಡು ಜಿಲ್ಲೆಯಲ್ಲಿ ಕುಂಬಳೆಯಿಂದ ಬದಿಯಡ್ಕ, ಪೆರ್ಲ, ಮುಳ್ಳೇರಿಯದ ತನಕ ಊರೂರಿನ ವಾಟ್ಸಾಪ್ ಗುಂಪುಗಳಿಗೆ ಓಟದ ಕರೆಯೋಲೆಗಳು ಬರತೊಡಗುತ್ತವೆ. ಒಂದು ಕಡೆ ಫ್ರೆಂಡ್ಸ್ ಕ್ಲಬ್ಬಿನ ವಾರ್ಷಿಕೋತ್ಸವ, ಇನ್ನೊಂದು ಕಡೆ ಗ್ರಂಥಾಲಯದ ಬೆಳ್ಳಿಹಬ್ಬ, ಮತ್ತೊಂದು ಕಡೆ ಹಳೆ ವಿದ್ಯಾರ್ಥಿ ಸಂಘದವರ ಮಾದಕ ವಸ್ತು ವಿರೋಧಿ ಜಾಗೃತಿ. 5 ಕಿಲೋಮೀಟರ್, ವಯಸ್ಸಿನ ಮಿತಿ ಇಲ್ಲ, ಎಲ್ಲರಿಗೂ ಸ್ವಾಗತ. ಹೊರಡುವ ಹೊತ್ತು, ಬಹುಮಾನದ ಮೊತ್ತ, ಅತಿಥಿಗಳ ಹೆಸರು, ಟೀ ಶರ್ಟಿನ ಅಳತೆ ಕೇಳುವ ಲಿಂಕ್, ಎಲ್ಲವೂ ಇರುತ್ತವೆ. ಒಂದು ವಿಷಯ ಮಾತ್ರ ಇರುವುದಿಲ್ಲ: ಫಿನಿಶಿಂಗ್ ಪಾಯಿಂಟನ್ನು ಎಷ್ಟು ಗಂಟೆಯ ತನಕ ತೆರೆದಿಡುತ್ತಾರೆ? ವರ್ಷ ವರ್ಷವೂ ಇದೇ ಪ್ರಶ್ನೆ ಕೊರೆಯುತ್ತದೆ. ಎಲ್ಲರಿಗೂ ಸ್ವಾಗತ ಎಂದು ಬರೆದ ಮೇಲೆ ಕೊನೆಗೆ ಬರುವವರೂ ಅದರೊಳಗೇ ಇದ್ದಾರಲ್ಲ.

ಆ ಕೊನೆಯವರು ಯಾರೆಂದು ಸ್ವಲ್ಪ ಗಮನಿಸಿ. ಮಹಿಳೆಯರ ಸ್ವಸಹಾಯ ಸಂಘವಾದ ಕುಟುಂಬಶ್ರೀ ಘಟಕದಿಂದ ಒಟ್ಟಾಗಿ ಹೆಸರು ಕೊಟ್ಟ ಹೆಂಗಸರು. ಶುಗರ್ ಜಾಸ್ತಿಯಾಗಿದೆ, ದಿನಾ ನಡೆಯಿರಿ ಎಂದು ಡಾಕ್ಟರು ಹೇಳಿದ ಮೇಲೆ ಹೊರಟ ಅಂಗಡಿಯವರು. ನಿವೃತ್ತ ಮಾಷ್ಟ್ರು. ಮೊದಲ ಅರ್ಧ ಕಿಲೋಮೀಟರ್ ಬಿಟ್ಟ ಬಾಣದ ಹಾಗೆ ಓಡಿ ಆಮೇಲೆ ಹೊಟ್ಟೆ ಹಿಡಿದುಕೊಂಡು ನಡೆಯುವ ನಾಲ್ಕನೇ ಕ್ಲಾಸಿನ ಹುಡುಗ. ಮುಂದೆ ಓಡುವ ಹತ್ತು ಹದಿನೈದು ಹುಡುಗರಿಗೆ ನಮ್ಮ ಓಟವಿಲ್ಲದಿದ್ದರೆ ಇನ್ನೊಂದು ಓಟವಿದೆ, ಉಪಜಿಲ್ಲಾ ಕ್ರೀಡಾಕೂಟವಿದೆ, ಮಂಗಳೂರಿನ ಕೂಟಗಳಿವೆ. ಹಿಂದಿನವರಿಗೆ ಇರುವುದು ಊರಿನ ಈ ಒಂದು ಓಟ. ಆದ್ದರಿಂದ ಇಂಥ ಕೂಟವನ್ನು ಯೋಜಿಸುವಾಗ ಕಾಗದ ಪೆನ್ನು ಹಿಡಿದು ಕೂತವರು ಮೊದಲು ಬರೆಯಬೇಕಾದದ್ದು ಕೊನೆಯವರು ಬರುವ ಹೊತ್ತನ್ನು. ಅಲ್ಲಿಂದ ಹಿಂದೆ ಹಿಂದೆ ಲೆಕ್ಕ ಹಾಕುತ್ತ ಬಂದರೆ ಉಳಿದದ್ದೆಲ್ಲ ಸರಿಯಾಗಿ ಕೂರುತ್ತದೆ.

ಗುಡ್ಡೆಯ ಮೇಲಿನ ಒಂದು ಶಾಲೆಯ ಮೈದಾನ ಕಣ್ಣಿಗೆ ಕಟ್ಟಿದಂತಿದೆ. 6.30ಕ್ಕೆ ಎಂದು ಹಾಕಿದ್ದ ಓಟಕ್ಕೆ ಸಭೆ ಮುಗಿದು ಹಸಿರು ನಿಶಾನೆ ತೋರಿಸುವಾಗ 7.20. ಹದಿನೆಂಟು ನಿಮಿಷಕ್ಕೆ ಮೊದಲ ಹುಡುಗ ಬಂದ. ಚೆಂಡೆ ಬಡಿಯಿತು, ಫೋಟೋ ಆಯಿತು. 8 ಗಂಟೆಗೆ ಬಹುಮಾನ ವಿತರಣೆ. ಅದು ಮುಗಿದದ್ದೇ ಶಾಮಿಯಾನದವರು ಕುರ್ಚಿಗಳನ್ನು ಒಂದರ ಮೇಲೊಂದು ಪೇರಿಸತೊಡಗಿದರು, ಕಮಾನಿನ ಬಟ್ಟೆ ಬಿಚ್ಚಿದರು, ಸುಣ್ಣದ ಗೆರೆಯ ಮೇಲೆಯೇ ಪಿಕಪ್ ಬಂದು ನಿಂತಿತು. 8.30ಕ್ಕೆ ಗೇಟಿನ ಹತ್ತಿರ ಏಳೆಂಟು ಹೆಂಗಸರು ಕಾಣಿಸಿದರು. ಚೂಡಿದಾರದ ಮೇಲೆ ಕೂಟದ ಟೀ ಶರ್ಟ್, ಇಬ್ಬರು ಸೀರೆಯಲ್ಲೇ. ಅಷ್ಟು ಹೊತ್ತು ನಡೆಯುತ್ತಿದ್ದವರು ಗೇಟು ದಾಟಿದ ಕೂಡಲೇ ಮತ್ತೆ ಓಡಲು ಶುರುಮಾಡಿದರು, ಮುಗಿಸುವಾಗ ಓಡಿಯೇ ಮುಗಿಸಬೇಕೆಂದು. ಆದರೆ ಎಲ್ಲಿ ನಿಲ್ಲಬೇಕೆಂದು ತೋರಿಸುವ ಒಂದು ಗುರುತೂ ಉಳಿದಿರಲಿಲ್ಲ. ಮೈದಾನದ ನಡುವೆ ಬಂದು, ಆಚೀಚೆ ನೋಡಿ, ತಾವಾಗಿಯೇ ನಿಂತರು. ಕುರ್ಚಿ ಹೊರುತ್ತಿದ್ದ ಹುಡುಗನೊಬ್ಬ, “ಅಕ್ಕ, ನೀವು ಬರ್ಲಿಕ್ಕೆ ಬಾಕಿ ಇತ್ತಾ? ಎಲ್ಲ ಮುಗೀತು ಅಂತ ಗ್ರಹಿಸಿದ್ದು” ಎಂದ. “ತೊಂದರೆ ಇಲ್ಲ ಮಗಾ, ಒಂದು ಗ್ಲಾಸ್ ನೀರುಂಟಾ?” ಎಂದರು ಮುಂದಿದ್ದವರು. ಕ್ಯಾನುಗಳು ಖಾಲಿಯಾಗಿದ್ದವು. ಆ ಹುಡುಗ ಶಾಲೆಯ ಬಾವಿಯಿಂದ ಸೇದಿ ತಂದುಕೊಟ್ಟ. ಅವನದ್ದು ಒಳ್ಳೆಯ ಮನಸ್ಸು. ತಪ್ಪಿದ್ದು ಅವನಿಗೆ ಕೆಲಸ ಹಂಚಿದವರ ಲೆಕ್ಕ.

ಹೊತ್ತಿನ ಲೆಕ್ಕ

ಚೆನ್ನಾಗಿ ಅಭ್ಯಾಸವಿರುವ ಹುಡುಗ 5 ಕಿಲೋಮೀಟರನ್ನು 17–18 ನಿಮಿಷಕ್ಕೆ ಮುಗಿಸುತ್ತಾನೆ. ಊರಿನ ಬಹುಪಾಲು ಜನ ಬರುವುದು 30ರಿಂದ 45 ನಿಮಿಷದೊಳಗೆ. ಬಿರುಸಾಗಿ ನಡೆಯುವವರಿಗೆ ಕಿಲೋಮೀಟರಿಗೆ 12 ನಿಮಿಷ, ಅಂದರೆ ಒಂದು ಗಂಟೆ. ಏರು ಇರುವ ದಾರಿಯಲ್ಲಿ, ಮಾತಾಡುತ್ತ, ಮಕ್ಕಳನ್ನು ಕರಕೊಂಡು ಬರುವವರಿಗೆ 15 ನಿಮಿಷದ ಲೆಕ್ಕ ಹಿಡಿಯಬೇಕು: 75 ನಿಮಿಷ. ಹಾಗಾಗಿ ಮೊದಲಿನವನಿಗೂ ಕೊನೆಯವರಿಗೂ ನಡುವೆ ಹತ್ತಿರ ಹತ್ತಿರ ಒಂದು ಗಂಟೆ. ಆ ಒಂದು ಗಂಟೆಯಲ್ಲಿ ಮೈದಾನದಲ್ಲಿ ಏನು ನಡೆಯುತ್ತಿರಬೇಕೆಂದು ಯಾರೂ ಯೋಚಿಸದಿದ್ದರೆ ಬಹುಮಾನ ವಿತರಣೆ ಅಲ್ಲಿ ಬಂದು ಕೂರುತ್ತದೆ, ಅದರ ಬೆನ್ನಿಗೇ ಜನ ಮನೆಗೆ ಹೊರಡುತ್ತಾರೆ.

ಕಡಲಿಗೆ ಹತ್ತಿರದ ನಮ್ಮ ಊರುಗಳಲ್ಲಿ ಈ ಲೆಕ್ಕಕ್ಕೆ ಸೂರ್ಯನನ್ನೂ ಸೇರಿಸಬೇಕು. ನವೆಂಬರ್ ನಡುವಿಗೆ ಸೂರ್ಯ ಹುಟ್ಟುವುದು ಸುಮಾರು 6.30ಕ್ಕೆ, ಜನವರಿ ಕೊನೆಗೆ 7 ಗಂಟೆಗೆ ಸ್ವಲ್ಪ ಮೊದಲು. ಬೆಳಕು ಹರಿಯುವುದು ಅದಕ್ಕಿಂತ ಇಪ್ಪತ್ತು ನಿಮಿಷ ಮುಂಚೆ. ನವೆಂಬರಿನಲ್ಲಿ 6.30ಕ್ಕೆ, ಜನವರಿಯಲ್ಲಿ 6.45ಕ್ಕೆ ಹೊರಟರೆ ಕೊನೆಯವರೂ 8 ಗಂಟೆಯೊಳಗೆ ನೆರಳಿಗೆ ಬರುತ್ತಾರೆ. ಒಂದು ಗಂಟೆ ತಡವಾದರೆ ಅದರ ಬಿಸಿ ಮುಟ್ಟುವುದು ಹಿಂದಿನವರಿಗೆ ಮಾತ್ರ. ಮುಂದಿನ ಹುಡುಗರು ಬಿಸಿಲೇರುವ ಮೊದಲೇ ಮುಗಿಸಿರುತ್ತಾರೆ. ಇಲ್ಲಿಯ ಸೆಕೆಯ ಗುಣವೇ ಬೇರೆ. ಮುಂಜಾನೆ ಹವೆ ತಂಪಾಗಿದೆಯೆಂದು ಅನಿಸಿದರೂ ತೇವ ತುಂಬಿರುತ್ತದೆ. ಬೆವರು ಆರುವುದಿಲ್ಲ, ಹನಿ ಹನಿಯಾಗಿ ಸುರಿಯುತ್ತದೆ. ಮೈಯನ್ನು ತಣಿಸುವುದು ಆರುವ ಬೆವರು. ಸುರಿದು ಹೋಗುವ ಬೆವರಿನಿಂದ ನೀರೂ ಉಪ್ಪೂ ನಷ್ಟ, ತಂಪು ಮಾತ್ರ ಇಲ್ಲ. ಗುಡ್ಡೆಯ ತಲೆಯ ಬಯಲಾದ ಪದವಿನ ಮೇಲೆ ಮರದ ನೆರಳೂ ಇಲ್ಲದೆ ಮುರಕಲ್ಲಿನ ನೆಲ ಕಾಯತೊಡಗಿದರೆ ನಿಧಾನ ನಡೆಯುವವರಿಗೂ ತಲೆ ತಿರುಗಬಹುದು.

ಹಾಗಾಗಿ ಸಭಾ ಕಾರ್ಯಕ್ರಮವನ್ನು ಓಟದ ನಂತರಕ್ಕೆ ಇಡಬೇಕು. ಇದರಲ್ಲಿ ರಾಜಿ ಬೇಡ ಎಂಬುದು ನನ್ನ ಖಚಿತ ಅಭಿಪ್ರಾಯ. ಅತಿಥಿಗಳು ನಿಶಾನೆ ತೋರಿಸಲಿ, ಎರಡು ಮಾತು ಹೇಳಲಿ. ಉಳಿದದ್ದು ಕೊನೆಯವರು ಬಂದು ಹತ್ತು ನಿಮಿಷ ಕೂತ ಮೇಲೆ. ಅತಿಥಿಗಳು ತಡವಾದರೆ ಶಾಲೆಯ ಹಿರಿಯ ಟೀಚರ್ ಒಬ್ಬರು ಬಾವುಟ ಬೀಸಬಹುದೆಂದು ಮೊದಲೇ ತೀರ್ಮಾನಿಸಿ ಇಟ್ಟರೆ ಯಾರಿಗೂ ಮುಜುಗರವಿಲ್ಲ.

ಬಹುಮಾನದ ವಿಷಯವೂ ಇಲ್ಲೇ ಬರುತ್ತದೆ. ನಗದು ದೊಡ್ಡದಾದಷ್ಟೂ ಹೊರಗಿನ ಪಳಗಿದ ಓಟಗಾರರು ಬರುತ್ತಾರೆ, ಊರಿನವರು ನೋಡುಗರಾಗುತ್ತಾರೆ. ಮೊದಲ ಮೂವರಿಗೆ ಒಂದು ಪದಕ, ಒಂದು ಪುಸ್ತಕ ಸಾಕು. ಉಳಿದ ಹಣವನ್ನು ಓಟ ಮುಗಿಸಿದ ಎಲ್ಲರ ಎದೆನಂಬರುಗಳ ಚೀಟಿ ಎತ್ತಿ ಹಂಚಬಹುದು, ಕೊನೆಯ ನಂಬರು ಡಬ್ಬಿಗೆ ಬಿದ್ದ ಮೇಲೆಯೇ ಚೀಟಿ ಎತ್ತುವುದೆಂದು ಮೈಕಿನಲ್ಲಿ ಹೇಳಿ. ಆಗ ಇಡೀ ಮೈದಾನ ಗೇಟಿನ ಕಡೆ ನೋಡುತ್ತ ಕಾಯುತ್ತದೆ.

ನೀರು, ಉಪ್ಪು, ಗ್ಲಾಸು

200 ಜನರ ಓಟವೆಂದು ಇಟ್ಟುಕೊಳ್ಳೋಣ. ದಾರಿಯ ನಡುವೆ, 2.5 ಕಿಲೋಮೀಟರಿನಲ್ಲಿ ಒಂದು ಮೇಜು. 200 ಮಿಲಿಲೀಟರಿನ ಸ್ಟೀಲ್ ಗ್ಲಾಸಿಗೆ 150 ತುಂಬಿಸಿದರೆ, ತಲಾ ಎರಡು ಗ್ಲಾಸಿನಂತೆ 60 ಲೀಟರ್, ಅಂದರೆ 20 ಲೀಟರಿನ 3 ಕ್ಯಾನ್. ಮೈದಾನದಲ್ಲಿ ತಲಾ ಅರ್ಧ ಲೀಟರಿನಂತೆ 100 ಲೀಟರ್, 5 ಕ್ಯಾನ್. ಈ ಎಂಟರ ಮೇಲೆ ಎರಡೂ ಕಡೆ ಒಂದೊಂದು ಕ್ಯಾನನ್ನು ಮುಚ್ಚಳ ತೆಗೆಯದೆ ಮೇಜಿನ ಅಡಿಯಲ್ಲಿ ಇಡಬೇಕು, ಅದು ಕೊನೆಯ 40 ಜನರಿಗೆ. ಲೆಕ್ಕ ತಪ್ಪುವುದು ಹೀಗೆ: ಮುಂದಿನವರು ಅರ್ಧ ಗುಟುಕು ಕುಡಿದು ಉಳಿದದ್ದನ್ನು ತಲೆಗೆ ಸುರಿದುಕೊಂಡು ಓಡುತ್ತಾರೆ, ಮೇಜಿನ ಹುಡುಗರು ಉತ್ಸಾಹದಲ್ಲಿ ಮತ್ತೆ ಮತ್ತೆ ತುಂಬಿಸಿ ಕೊಡುತ್ತಾರೆ. ನಿಜವಾಗಿ ಎರಡು ಗ್ಲಾಸ್ ಕುಡಿಯುವವರು ಒಂದು ಗಂಟೆ ಬಿಸಿಲಲ್ಲಿ ನಡೆದು ಬರುವವರು. ಅವರು ಬರುವಾಗ ಮೇಜು ಒಣಗಿರುತ್ತದೆ. ತಲೆಗೆ ಸುರಿದುಕೊಳ್ಳಲು ಬೇರೆಯೇ ಒಂದು ಬಕೆಟ್, ಒಂದು ಚೊಂಬು ಇಟ್ಟರೆ ಕುಡಿಯುವ ನೀರು ಉಳಿಯುತ್ತದೆ. ಬಾವಿಯ ನೀರನ್ನು ಹಿಂದಿನ ರಾತ್ರಿ ಕುದಿಸಿ ಆರಿಸಿದರೆ ಒಳ್ಳೆಯದು. ಜೀರಿಗೆ ಹಾಕಿದ ನೀರು ಇಲ್ಲಿ ಎಲ್ಲರಿಗೂ ರೂಢಿ.

ಗ್ಲಾಸುಗಳಿಗೆ ಖರ್ಚು ಮಾಡಬೇಕಾಗಿಲ್ಲ. ಭಜನಾ ಮಂದಿರದಲ್ಲೋ ಮಸೀದಿ ಕಮಿಟಿಯಲ್ಲೋ ಊಟದ ಪಾತ್ರೆಗಳಿರುತ್ತವೆ, ಕೇಳಿದರೆ ಕೊಡುತ್ತಾರೆ. ಒಂದು ಮೇಜಿಗೆ 100 ಗ್ಲಾಸ್, ತೊಳೆಯಲು ಇಬ್ಬರು, ಎರಡು ದೊಡ್ಡ ಪಾತ್ರೆ ನೀರು. ಜನ ಒತ್ತಾಗಿ ಬರುವುದು ಹದಿನೈದು ನಿಮಿಷ ಮಾತ್ರ. ಕಾಗದದ ಕಪ್ಪುಗಳೆಂದರೆ ಒಂದು ಕಿಲೋಮೀಟರ್ ಉದ್ದಕ್ಕೆ ತೋಡಿಗೂ ತೋಟಕ್ಕೂ ಬೀಳುತ್ತವೆ, ಮನೆ ಮನೆಯ ಕಸ ಒಯ್ಯುವ ಹರಿತ ಕರ್ಮ ಸೇನೆಯವರಿಗೆ ಸೋಮವಾರ ಇಲ್ಲದ ಕೆಲಸ.

5 ಕಿಲೋಮೀಟರಿಗೆ ಉಪ್ಪು ಸಕ್ಕರೆಯ ನೀರು ಹೆಚ್ಚಿನವರಿಗೆ ಬೇಡ. 10 ಕಿಲೋಮೀಟರ್ ಆದರೆ, ಅಥವಾ ಬಿಸಿಲೇರಿದರೆ ಬೇಕು. ಓಆರ್‌ಎಸ್ ಪೊಟ್ಟಣವನ್ನು ಬರೆದಷ್ಟೇ ನೀರಿಗೆ, ಸಾಮಾನ್ಯವಾಗಿ 1 ಲೀಟರಿಗೆ, ಹಾಕಬೇಕು. ರುಚಿಗೆಂದು ಅರ್ಧ ಲೀಟರಿಗೆ ಹಾಕಿದರೆ ಹೊಟ್ಟೆ ಕೆಡುತ್ತದೆ. ಮನೆಯಲ್ಲಿ ಮಾಡುವುದಾದರೆ 1 ಲೀಟರಿಗೆ ಸಮಮಟ್ಟದ 6 ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಬೊಂಡ, ಅಂದರೆ ಎಳನೀರು ಕೊಡುವ ಸಂಪ್ರದಾಯ ಚೆನ್ನಾಗಿದೆ, ಆದರೆ ಬೊಂಡದಲ್ಲಿ ಪೊಟ್ಯಾಸಿಯಂ ಹೆಚ್ಚು, ಸೋಡಿಯಂ ಕಡಿಮೆ. ಬೆವರಿನಲ್ಲಿ ಹೋಗುವುದು ಮುಖ್ಯವಾಗಿ ಸೋಡಿಯಂ. ಒಂದು ಚಿಟಿಕೆ ಉಪ್ಪು ಸೇರಿಸಿದರೆ ಸರಿಯಾಗುತ್ತದೆ. ಓಟ ಮುಗಿದ ಮೇಲೆ ಕುಚ್ಚಲಕ್ಕಿ ಗಂಜಿ, ಉಪ್ಪಿನಕಾಯಿ, ಒಂದು ಚಟ್ನಿ ಕೊಟ್ಟರೆ ನೀರು, ಉಪ್ಪು, ಪಿಷ್ಟ ಮೂರೂ ಒಂದೇ ಬಟ್ಟಲಲ್ಲಿ ಸಿಗುತ್ತವೆ. ಬಿಸ್ಕಿಟ್ ಪೊಟ್ಟಣಕ್ಕಿಂತ ಅದು ಎಷ್ಟೋ ಮೇಲು, ಕೊನೆಯವರಿಗೂ ಬಿಸಿಯಾಗಿಯೇ ಸಿಗುತ್ತದೆ.

ದೊಡ್ಡ ದೂರಗಳಿಗೆ ಹೋಗುವವರು ಇನ್ನೊಂದನ್ನು ತಿಳಿದಿರಬೇಕು. 21 ಅಥವಾ 42 ಕಿಲೋಮೀಟರುಗಳಲ್ಲಿ ಪ್ರತಿ ಮೇಜಿನಲ್ಲೂ ಬಾಯಾರಿಕೆ ಇರಲಿ ಇಲ್ಲದಿರಲಿ ಬರೀ ನೀರು ಕುಡಿಯುತ್ತ ಹೋದರೆ ರಕ್ತದ ಸೋಡಿಯಂ ತೀರಾ ಇಳಿದು ವಾಂತಿ, ತಲೆನೋವು, ಗೊಂದಲ ಶುರುವಾಗುತ್ತವೆ, ಜೀವಕ್ಕೂ ಅಪಾಯ. ಇದು ಹೆಚ್ಚಾಗಿ ಆಗುವುದು ನಿಧಾನ ಓಡುವವರಿಗೆ, ಏಕೆಂದರೆ ಅವರಿಗೆ ಕುಡಿಯಲು ಹೊತ್ತು ಹೆಚ್ಚು. ಓಟದ ಮೊದಲು ಮತ್ತು ನಂತರ ತೂಕ ನೋಡಿ. ನೂರಕ್ಕೆ ಎರಡಕ್ಕಿಂತ ಹೆಚ್ಚು ಇಳಿದರೆ ಕುಡಿದದ್ದು ಕಡಿಮೆ. ತೂಕ ಏರಿದರೆ ಕುಡಿದದ್ದು ಜಾಸ್ತಿ.

ಬಿಸಿಲಾಘಾತದ ಗುರುತು ಮಾತು ತಪ್ಪುವುದು. ಕೇಳಿದ್ದಕ್ಕೆ ಬೇರೇನೋ ಹೇಳುವುದು, ತೂರಾಡುವುದು, ಸಿಟ್ಟಾಗುವುದು ಕಂಡರೆ ಮೈಯೊಳಗಿನ ಬಿಸಿ 40 ಡಿಗ್ರಿ ಸೆಲ್ಸಿಯಸ್ ದಾಟಿರಬಹುದು. ಆಗ 108ಕ್ಕೆ ಫೋನ್ ಮಾಡುತ್ತಲೇ ತಣಿಸಲು ಶುರುಮಾಡಬೇಕು. ಆಂಬುಲೆನ್ಸ್ ಬಂದ ಮೇಲೆ ನೋಡೋಣ ಎಂದು ಕಾಯಬಾರದು. ಅಡಿಕೆ ಒಣಗಿಸುವ ಟರ್ಪಾಲು ಪ್ರತಿ ಮನೆಯಲ್ಲೂ ಇದೆ. ಅದರ ಮೇಲೆ ಮಲಗಿಸಿ, ನಾಲ್ಕು ಜನ ಅಂಚು ಎತ್ತಿ ಹಿಡಿದು, ನೀರೂ ಮಂಜುಗಡ್ಡೆಯೂ ಸುರಿದು ಕುಲುಕುತ್ತಿರಬೇಕು. ಮಂಜುಗಡ್ಡೆಯನ್ನು ಹಿಂದಿನ ದಿನವೇ ಮೀನಿನ ಅಂಗಡಿಯವರಲ್ಲಿ ಹೇಳಿಟ್ಟರೆ ಒಂದು ಪೆಟ್ಟಿಗೆ ತುಂಬ ಸಿಗುತ್ತದೆ. ಗಂಭೀರವಾದರೆ ನಮ್ಮಲ್ಲಿ ಅನೇಕರು ಮಂಗಳೂರಿನ ಆಸ್ಪತ್ರೆಗಳಿಗೇ ಓಡಬೇಕು. ಅಷ್ಟು ದೂರ ಬಿಸಿ ಮೈಯನ್ನು ಹೊತ್ತೊಯ್ಯುವುದು ಅಪಾಯ. ಎದೆ ಹಿಡಿದು ಬಿದ್ದವರು ಉಸಿರಾಡದಿದ್ದರೆ ಎದೆಯ ನಡುವೆ 5–6 ಸೆಂಟಿಮೀಟರ್ ಆಳಕ್ಕೆ, ನಿಮಿಷಕ್ಕೆ 100ರಿಂದ 120 ಸಲ ಒತ್ತಬೇಕು. ಸ್ವಯಂಸೇವಕರಲ್ಲಿ ನಾಲ್ಕು ಮಂದಿಗಾದರೂ ಇದನ್ನು ಪ್ರಾಥಮಿಕ ಆರೋಗ್ಯ ಕೇಂದ್ರದವರಿಂದ ಕೈಯಾರೆ ಮಾಡಿಸಿ ಕಲಿಸಿ.

ದಾರಿ

ಹೆದ್ದಾರಿ 66 ಬೇಡ. ಷಟ್ಪಥ ಬಂದ ಮೇಲೆ ಸರ್ವಿಸ್ ರಸ್ತೆಯಲ್ಲಿ ಎದುರು ದಿಕ್ಕಿನಿಂದ ಬೈಕುಗಳು ಬರುತ್ತವೆ. ನಂದಾರಪದವಿನಿಂದ ಶುರುವಾಗುವ ಮಲೆ ಹೆದ್ದಾರಿ ನೋಡಲು ಚೆಂದ, ಬೆಳಗ್ಗೆ ಖಾಲಿ; ಖಾಲಿಯಾದ್ದರಿಂದಲೇ ಬರುವ ನಾಲ್ಕು ವಾಹನ ಅತಿ ವೇಗದಲ್ಲಿ ಬರುತ್ತವೆ. ಕುಂಬಳೆ–ಬದಿಯಡ್ಕ ರಸ್ತೆಯಲ್ಲಿ ಮೊದಲ ಟ್ರಿಪ್ಪಿನ ಬಸ್ಸುಗಳು. ಪಂಚಾಯತಿನ ಒಳರಸ್ತೆಗಳೇ ಸರಿ. ಆದರೂ ಆ ದಾರಿಯಲ್ಲಿ ಬೆಳಗ್ಗೆ ಯಾರ ಯಾರ ಓಡಾಟವಿದೆ ಎಂದು ಒಂದು ಭಾನುವಾರ ನಿಂತು ನೋಡಬೇಕು: ಮದ್ರಸಕ್ಕೆ ಹೋಗುವ ಮಕ್ಕಳು, ಬೇಳ, ಮಂಜೇಶ್ವರದಂಥ ಕಡೆ ಇಗರ್ಜಿಗೆ ಹೋಗುವವರು, ಸೊಸೈಟಿಗೆ ಹಾಲು ತರುವವರು, ರಾತ್ರಿ ಭೂತದ ಕೋಲವೋ ಯಕ್ಷಗಾನದ ಆಟವೋ ಇದ್ದರೆ ನಿದ್ದೆಗಣ್ಣಲ್ಲಿ ಬೈಕು ಬಿಡುತ್ತ ಬರುವವರು. ಪೊಲೀಸ್ ಠಾಣೆಗೂ ಪಂಚಾಯತಿಗೂ ಅರ್ಜಿ ಕೊಡುವಾಗ ಹೊರಡುವ ಹೊತ್ತಿನ ಜತೆ ಕೊನೆಯವರು ಮುಗಿಸುವ ಹೊತ್ತನ್ನೂ ಬರೆಯಿರಿ, ಇಲ್ಲದಿದ್ದರೆ ಪೊಲೀಸರು ಅರ್ಧದಲ್ಲೇ ರಸ್ತೆ ಬಿಟ್ಟುಕೊಡುತ್ತಾರೆ.

ದೂರವನ್ನು ಸ್ಕೂಟರಿನ ಮೀಟರಿನಲ್ಲಿ ಅಳೆದರೆ ತಪ್ಪುತ್ತದೆ. ಕೈಗಡಿಯಾರದ ಜಿಪಿಎಸ್ ಕೂಡ ಅಡಿಕೆ ತೋಟಗಳ ನಡುವೆ, ತಿರುವುಗಳಲ್ಲಿ ಅಡ್ಡಾದಿಡ್ಡಿ ಗೆರೆ ಎಳೆಯುತ್ತದೆ. ಸೈಕಲ್ ಒಳ್ಳೆಯದು. ನೇರ ರಸ್ತೆಯಲ್ಲಿ ಸ್ಟೀಲ್ ಟೇಪಿನಿಂದ 300 ಮೀಟರ್ ಅಳೆದು ಎರಡು ತುದಿಗೂ ಮೊಳೆ ಹೊಡೆಯಿರಿ. ಟಯರಿನ ವಾಲ್ವ್ ಕೆಳಗೆ ಬಂದಾಗ ಹೊರಟು, ಮುಂದಿನ ಚಕ್ರದ ಸುತ್ತುಗಳನ್ನು ಎಣಿಸಿ; ನಾಲ್ಕು ಸಲ ಮಾಡಿ ಸರಾಸರಿ ತೆಗೆಯಿರಿ. ಅದರ ಲೆಕ್ಕದಲ್ಲಿ ದಾರಿಯನ್ನು ಅಳೆಯಿರಿ, ತಿರುವುಗಳಲ್ಲಿ ಓಟಗಾರ ಹೋಗಬಹುದಾದ ಅತಿ ಹತ್ತಿರದ ಗೆರೆಯಲ್ಲಿ, ಒಳ ಅಂಚಿನಿಂದ 30 ಸೆಂಟಿಮೀಟರ್ ಬಿಟ್ಟು. ಕೊನೆಗೆ ಕಿಲೋಮೀಟರಿಗೆ 1 ಮೀಟರಿನಂತೆ ಕೂಡಿಸಿದರೆ ದಾರಿ ಕಿರಿದಾಗುವ ಭಯವಿಲ್ಲ. ಅಂತರರಾಷ್ಟ್ರೀಯ ಓಟಗಳಲ್ಲೂ ಇದೇ ಕ್ರಮ. ಸವಾರ, ಸೈಕಲ್, ಟಯರಿನ ಗಾಳಿ ಬದಲಾಗಬಾರದು. ಬಿಸಿಲೇರಿದರೆ ಗಾಳಿ ಹಿಗ್ಗಿ ಸುತ್ತಿನ ಅಳತೆ ಬದಲಾಗುವುದರಿಂದ ಮುಗಿದ ಮೇಲೆ ಆ 300 ಮೀಟರನ್ನು ಮತ್ತೊಮ್ಮೆ ಪರೀಕ್ಷಿಸಬೇಕು. ಗೆಳೆಯರ ಕೂಟಕ್ಕೆ ಇಷ್ಟೆಲ್ಲ ಯಾಕೆ ಎನ್ನಬೇಡಿ. ಜೀವನದಲ್ಲಿ ಮೊದಲ ಸಲ 5 ಕಿಲೋಮೀಟರ್ ಮುಗಿಸಿದೆ ಎಂದು ಹೇಳಿಕೊಳ್ಳುವವರಿಗೆ ಅದು ನಿಜವಾದ 5 ಆಗಿರಬೇಕು.

ಹೋಗಿ ಅದೇ ದಾರಿಯಲ್ಲಿ ಬರುವ ಓಟ ನನಗೆ ಇಷ್ಟ. ಒಂದೇ ತಿರುವು, ನೀರಿನ ಮೇಜನ್ನು ತಿರುವಿಗಿಂತ ಸ್ವಲ್ಪ ಮೊದಲೇ ಇಟ್ಟರೆ ಎರಡು ಸಲ ಉಪಯೋಗಕ್ಕೆ ಬರುತ್ತದೆ, ಆಂಬುಲೆನ್ಸ್ ಎಲ್ಲಿಗೂ ತಲುಪುತ್ತದೆ, ಮುಂದಿನವರೂ ಹಿಂದಿನವರೂ ಎದುರು ಬದುರಾಗಿ ಕೈಬೀಸುತ್ತಾರೆ. ರಸ್ತೆ ಕಿರಿದಾದರೆ ಮೊದಲ ಕಿಲೋಮೀಟರಿನಲ್ಲಿ ಎಡ, ಬಲ ಬೇರ್ಪಡಿಸಲು ಹಗ್ಗ ಬೇಕಾಗುತ್ತದೆ. ಬೈಲಿನಿಂದ ಗುಡ್ಡೆಗೆ ಹತ್ತದ ದಾರಿ ಇಲ್ಲಿ ಸಿಗುವುದು ಕಷ್ಟ. ಏರು ಮೊದಲರ್ಧದಲ್ಲಿ ಇರಲಿ, ಕಾಲು ಹೊಸದಾಗಿರುವಾಗ, ಬಿಸಿಲು ಇಲ್ಲದಿರುವಾಗ. ಇಳಿಜಾರಿನಲ್ಲಿ ಹೆಜ್ಜೆ ಚಿಕ್ಕದು ಮಾಡಲು ಫಲಕ ಹಾಕಿ. ಉದ್ದ ಹೆಜ್ಜೆ ಹಾಕಿ ಇಳಿದವರಿಗೆ ತೊಡೆಯ ಮುಂಭಾಗದ ನೋವು ಮರುದಿನವೂ ಅದರ ಮರುದಿನವೂ ಕಾಡುತ್ತದೆ.

ನೆಲವನ್ನು ಕಾಲ್ನಡೆಯಲ್ಲೇ ಪರೀಕ್ಷಿಸಬೇಕು. ಟಾರಿನ ಅಂಚಿಗೆ ಬಂದು ಸೇರುವ ಮುರಕಲ್ಲಿನ ಉರುಟು ಹರಳುಗಳು ಕಾಲಡಿ ಉರುಳಿ ಕಣಕಾಲು ತಿರುಚುತ್ತವೆ. ಹಿಂದಿನ ಸಂಜೆ ಗುಡಿಸಿದರೆ ಸಾಕು. ಕಾಂಕ್ರೀಟು ರಸ್ತೆಯಲ್ಲಿ ಮಳೆಗಾಲದ ಪಾಚಿ ನವೆಂಬರಿನಲ್ಲಿ ಒಣಗಿ ಕಪ್ಪಾಗಿರುತ್ತದೆ, ಮಂಜು ಬಿದ್ದ ಬೆಳಗ್ಗೆ ಮತ್ತೆ ಜಾರುತ್ತದೆ. ಗಟ್ಟಿ ಬ್ರಷ್ಷಿನಿಂದ ತಿಕ್ಕಬೇಕು. ಚರಂಡಿಯ ಸ್ಲಾಬುಗಳಲ್ಲಿ ಅಲುಗಾಡುವುದಕ್ಕೆ ಕೆಂಪು ಬಟ್ಟೆ ಕಟ್ಟಿ.

ಇನ್ನೊಂದು ಮಾತು. ಎಣ್ಮಕಜೆ, ಬೆಳ್ಳೂರು, ಕುಂಬ್ಡಾಜೆ, ಮುಳಿಯಾರಿನಂಥ ಪಂಚಾಯತುಗಳಲ್ಲಿ ಗೇರು ತೋಟಗಳ ಮೇಲೆ 2000ದ ತನಕ ಎರಡು ದಶಕಕ್ಕೂ ಮೀರಿ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಕೀಟನಾಶಕ ಸಿಂಪಡಿಸಿದ್ದರ ಸಂಕಟವನ್ನು ಇಂದಿಗೂ ಹೊತ್ತಿರುವ ಮನೆಗಳಿವೆ. ಅಲ್ಲಿಯ ಓಟದಲ್ಲಿ ಗಾಲಿಕುರ್ಚಿಗೆ ದಾರಿ ಇಲ್ಲದಿದ್ದರೆ ಅದು ಆ ಊರಿನ ಓಟವಲ್ಲ. ಬೇಕಾದದ್ದು ಹೆಚ್ಚೇನಿಲ್ಲ: ಸಮತಟ್ಟಾದ ಅರ್ಧ ಕಿಲೋಮೀಟರ್ ಟಾರು, ಗುಂಪಿನ ಗಡಿಬಿಡಿಗೆ ಮೊದಲೇ ಐದು ನಿಮಿಷದ ಮುಂಚಿತ ಹೊರಡುವಿಕೆ, ಮೈದಾನದ ಮರಳು ದಾಟಲು ಎರಡು ಹಲಗೆ, ಪ್ರತಿ ಕುರ್ಚಿಗೆ ತಾಯಿಯ ಹೊರತಾಗಿ ಇನ್ನೊಬ್ಬರು. ವಿಶೇಷ ಮಕ್ಕಳಿಗಾಗಿ ಇರುವ ಬಡ್ಸ್ ಶಾಲೆಯ ಟೀಚರುಗಳನ್ನು ತಿಂಗಳ ಮೊದಲೇ ಕೇಳಿದರೆ ಯಾರಿಗೆ ಸದ್ದು ಆಗದು, ಯಾರಿಗೆ ಎಷ್ಟು ಹೊತ್ತು ಕೂರಲಾಗದು ಎಂದು ಹೇಳುತ್ತಾರೆ. ಗಾಲಿಕುರ್ಚಿಯವರು ಹೊರಡುವಾಗ ಚೆಂಡೆ, ಮೈಕು ಬೇಡ.

ಎಲ್ಲರ ಹಿಂದೆ ಬರುವ ಸೈಕಲ್

ಓಟದ ಅತಿ ಮುಖ್ಯ ಸ್ವಯಂಸೇವಕ ಎಲ್ಲರ ಹಿಂದೆ ಬರುವವನು. ಲಂಡನ್ನಿನ ಬುಶಿ ಪಾರ್ಕಿನಲ್ಲಿ 2004ರಲ್ಲಿ 13 ಮಂದಿ ಓಟಗಾರರಿಂದ ಶುರುವಾದ ಪಾರ್ಕ್‌ರನ್ ಎಂಬ ವಾರವಾರದ ಉಚಿತ 5 ಕಿಲೋಮೀಟರಿನಲ್ಲಿ ಈಗ ಕೊನೆಯವರ ಹಿಂದೆ ನಡೆಯುವುದಕ್ಕೆಂದೇ ಒಬ್ಬ ಸ್ವಯಂಸೇವಕ ಇರುತ್ತಾರೆ. ಹಾಗಾಗಿ ಭಾಗವಹಿಸಿದ ಯಾರೂ ಕೊನೆಯವರಾಗುವುದಿಲ್ಲ. ನಮ್ಮಲ್ಲಿಗೆ ಸೈಕಲ್ ಒಳ್ಳೆಯದು. ಬೈಕು ಬೇಡ, ಅದರ ಹೊಗೆಯೂ ಗುರುಗುಟ್ಟುವ ಸದ್ದೂ ಹಿಂದಿನವರನ್ನು ಅಟ್ಟಿದಂತಾಗುತ್ತದೆ.

ಮುಳ್ಳೇರಿಯದ ಕಡೆಯ ಒಂದು ಓಟದಲ್ಲಿ ಕಂಡ ಕ್ರಮವನ್ನು ಎಲ್ಲರೂ ಅನುಸರಿಸಬಹುದು. ಪ್ರತಿ ತಿರುವಿನಲ್ಲೂ ನಿಂತ ಹುಡುಗರ ಕೈಯಲ್ಲಿ ಒಂದೊಂದು ಕೆಂಪು ಬಾವುಟ. ಸೈಕಲಿನವನು ಬಂದು ಆ ಬಾವುಟ ತೆಗೆದುಕೊಂಡ ಮೇಲೆಯೇ ಅವರು ಜಾಗ ಬಿಡಬೇಕು. ಗುಂಪು ದಾಟಿತೆಂದು ಚಹಾಕ್ಕೆ ಹೋಗುವ ಹುಡುಗರಿಂದಲೇ ಕೊನೆಯವರು ದಾರಿ ತಪ್ಪುವುದು. ಒಂದು ಬಾವುಟ ಅದನ್ನು ತಡೆಯಿತು. ಬಾವುಟದ ಜತೆ ಬಾಣದ ಗುರುತು, ಬಿದ್ದ ಕಸ ಎಲ್ಲ ಅವನ ಚೀಲಕ್ಕೆ. ಸೈಕಲಿನ ಮುಂದೆ ಒಬ್ಬರು ಹಿರಿಯರು ಕೊಡೆಯನ್ನು ಊರುಗೋಲಿನಂತೆ ಹಿಡಿದು ನಡೆಯುತ್ತಿದ್ದರು. “ನೀನು ಮುಂದೆ ಹೋಗು ಮಾರಾಯ, ನಾನು ನಿಧಾನ ಬರ್ತೇನೆ” ಎಂದರು. “ನನ್ನ ಕೆಲಸವೇ ನಿಮ್ಮ ಹಿಂದೆ ಬರುವುದು ಮಾಷ್ಟ್ರೇ” ಎಂದು ಅವನು ಸೈಕಲಿನಿಂದ ಇಳಿದು ತಳ್ಳುತ್ತ ನಡೆದ. ಬೇಗ ಬನ್ನಿ ಎಂದು ಒಮ್ಮೆಯೂ ಹೇಳಲಿಲ್ಲ. ಆ ವರ್ಷದ ಅಡಿಕೆಗೆ ಕೊಳೆರೋಗ ಬಂದದ್ದರ ಮಾತು ಅವರಿಬ್ಬರಲ್ಲಿ. ಮೈದಾನದ ಗೇಟಿನಲ್ಲಿ ಮಾಷ್ಟ್ರು ಕಾಣಿಸಿದಾಗ ಮೈಕಿನವರು ಎದೆನಂಬರು ನೋಡಿ ಪಟ್ಟಿಯಿಂದ ಹೆಸರು ಓದಿದರು, ಕನ್ನಡದಲ್ಲಿ, ಮಲಯಾಳದಲ್ಲಿ, ತುಳುವಿನಲ್ಲಿ. ಗಂಜಿಯ ಬಟ್ಟಲು ಕೆಳಗಿಟ್ಟು ಜನ ಎದ್ದು ನಿಂತರು.

ಮಳೆಗಾಲದ ಆಟಿ ತಿಂಗಳಲ್ಲಿ ಕೆಸರ್ಡೊಂಜಿ ದಿನ, ಅಂದರೆ ಕೆಸರುಗದ್ದೆಯ ಆಟಗಳ ದಿನ ಮಾಡುವ ಊರುಗಳಿಗೆ ಇದು ಹೊಸದಾಗಿ ಕಲಿಯಬೇಕಾದ ಸಂಗತಿಯಲ್ಲ. ಗದ್ದೆಯ ಕೆಸರಿನ ಓಟದಲ್ಲಿ ಎಡವಿ ಬಿದ್ದು ಕೊನೆಗೆ ಬರುವ ಅಜ್ಜಿಗೂ ಬದುವಿನ ಮೇಲಿನವರೆಲ್ಲ ಕೂಗು ಹಾಕುತ್ತಾರೆ. ಗದ್ದೆ ಬಿಟ್ಟು ಟಾರಿಗೆ ಬಂದಾಗ ಆ ರೂಢಿಯನ್ನೂ ಜತೆಗೆ ತರಬೇಕು.

ಹೆಸರು ಕೊಟ್ಟವರಿಗೆ

ಎಂಟು ವಾರ ಸಾಕು. ವಾರಕ್ಕೆ ಮೂರು ದಿನ, ನಡುವೆ ಒಂದೊಂದು ದಿನ ಬಿಡುವು. ಮೊದಲು ಐದು ನಿಮಿಷ ನಡಿಗೆ; ಆಮೇಲೆ 1 ನಿಮಿಷ ಓಟ, 2 ನಿಮಿಷ ನಡಿಗೆ, ಹೀಗೆ ಎಂಟು ಸಲ. ಎರಡು ವಾರಕ್ಕೊಮ್ಮೆ ಓಟವನ್ನು ಒಂದು ನಿಮಿಷ ಹೆಚ್ಚಿಸಿ. ಓಡುವಾಗ ಪಕ್ಕದವರ ಜತೆ ಒಂದು ಪೂರ್ತಿ ವಾಕ್ಯ ಹೇಳಲು ಆಗಬೇಕು. ಆಗದಿದ್ದರೆ ವೇಗ ಜಾಸ್ತಿ. ಓಟದ ದಿನವೂ ಇದೇ ಕ್ರಮದಲ್ಲಿ, ಸುಸ್ತಾಗುವ ಮೊದಲೇ ನಡೆಯುತ್ತ ಹೋದರೆ ಕೊನೆಯ ಕಿಲೋಮೀಟರಿಗೂ ಕಾಲು ಉಳಿದಿರುತ್ತದೆ. ಜ್ವರ ಬಂದು ಹೋದ ವಾರ ಓಡಲೇಬೇಡಿ, ಹೃದಯದ ಸ್ನಾಯುವಿಗೆ ತೊಂದರೆಯಾಗಬಹುದು. ಏರು ಹತ್ತುವಾಗ ಎದೆ ಬಿಗಿಯುವವರು ಮೊದಲು ಡಾಕ್ಟರನ್ನು ಕಾಣಬೇಕು. ಇನ್ಸುಲಿನ್ ತೆಗೆದುಕೊಳ್ಳುವವರು ಔಷಧದ ಹೊತ್ತನ್ನು ಕೇಳಿ ತಿಳಿದು, ಸಕ್ಕರೆಯ ಪೊಟ್ಟಣವೊಂದನ್ನು ಕಿಸೆಯಲ್ಲಿ ಇಟ್ಟುಕೊಳ್ಳಲಿ. ಹೊರಡುವ ಒಂದು ಗಂಟೆ ಮೊದಲು ಒಂದು ಕದಳಿ ಹಣ್ಣು ಸಾಕು.

ಶೂ ಕೊಳ್ಳುವುದು ಸಂಜೆ, ಪಾದ ಸ್ವಲ್ಪ ಊದಿರುವಾಗ. ಉದ್ದ ಬೆರಳಿನ ಮುಂದೆ ಹೆಬ್ಬೆರಳಿನ ಅಗಲದ ಜಾಗ ಇರಬೇಕು. ಹೊಸ ಶೂವನ್ನು ಓಟದ ದಿನ ಮೊದಲ ಸಲ ಹಾಕಬೇಡಿ. ಮಳೆಗಾಲದ ಅಭ್ಯಾಸದಲ್ಲಿ ಒದ್ದೆಯಾದ ಶೂವಿನೊಳಗೆ ಹಳೆ ಪೇಪರು ತುರುಕಿ, ಒಂದು ಗಂಟೆ ಕಳೆದ ಮೇಲೆ ಬದಲಿಸಿ. ಬಚ್ಚಲ ಒಲೆಯ ಹತ್ತಿರ ಒಣಗಿಸುವುದು ಇಲ್ಲಿಯ ಅಭ್ಯಾಸ. ಆ ಬಿಸಿಗೆ ಅಟ್ಟೆಯ ಅಂಟು ಬಿಡುತ್ತದೆ, ತಿಂಗಳೊಳಗೆ ಶೂ ಬಾಯಿ ತೆರೆಯುತ್ತದೆ. ತೊಡೆ, ಕಂಕುಳು ಉಜ್ಜುವಲ್ಲಿ ವ್ಯಾಸಲಿನ್ ಅಥವಾ ತೆಂಗಿನೆಣ್ಣೆ. ಎದೆನಂಬರಿಗೆ ನಾಲ್ಕು ಮೂಲೆಗೂ ಪಿನ್ನು. ಎರಡೇ ಹಾಕಿದರೆ ಮಡಚಿಕೊಂಡು ಬರೆಯುವವರಿಗೆ ಕಾಣುವುದಿಲ್ಲ.

ಯೋಜಿಸುವವರು ಮರೆಯುವ ಒಂದು ಸಂಗತಿ ಶೌಚಾಲಯ. ಒಬ್ಬರಿಗೆ 2 ನಿಮಿಷವೆಂದರೆ ಹೊರಡುವ ಮೊದಲಿನ ಅರ್ಧ ಗಂಟೆಯಲ್ಲಿ ಒಂದರಲ್ಲಿ ಹೋಗಿಬರುವುದು 15 ಜನ. ನೂರು ಹೆಂಗಸರು ಬಂದರೆ ಶಾಲೆಯ ಎರಡು ಶೌಚಾಲಯ ಏನೇನೂ ಸಾಲದು. ಸುತ್ತಲಿನ ಮನೆಗಳಲ್ಲಿ ಕೇಳಿ ಒಪ್ಪಿಸಿ, ದಾರಿ ತೋರಿಸಲು ಒಬ್ಬರನ್ನು ನಿಲ್ಲಿಸಿ. ಇಷ್ಟು ಮಾಡದೆ ಹೆಂಗಸರು ಓಟಕ್ಕೆ ಬರುವುದಿಲ್ಲ ಎನ್ನುವಂತಿಲ್ಲ.

ಪಟ್ಟಿ

ಓಟಗಾರರ ಸಮಯ ದಾಖಲಿಸುವ ಎಲೆಕ್ಟ್ರಾನಿಕ್ ಚಿಪ್ ಯಂತ್ರ ಬೇಡ, ಇಬ್ಬರು ಸಾಕು. ಫಿನಿಶಿಂಗ್ ಪಾಯಿಂಟಿನ ನಂತರ 1 ಮೀಟರ್ ಅಗಲ, 10 ಮೀಟರ್ ಉದ್ದದ ಹಗ್ಗದ ಓಣಿ. ಅದರೊಳಗೆ ಒಬ್ಬರನ್ನೊಬ್ಬರು ದಾಟಬಾರದು. ಗೆರೆಯಲ್ಲಿ ನಿಂತವರು ಫೋನಿನ ಸ್ಟಾಪ್‌ವಾಚಿನ ಲ್ಯಾಪ್ ಒತ್ತುತ್ತ ಹೋಗುತ್ತಾರೆ, ಓಣಿಯ ತುದಿಯವರು ಎದೆನಂಬರುಗಳನ್ನು ಬಂದ ಕ್ರಮದಲ್ಲಿ ಬರೆಯುತ್ತಾರೆ. 30ರಿಂದ 35 ನಿಮಿಷದ ನಡುವಿನ ನೂಕುನುಗ್ಗಲಿನಲ್ಲಿ ಒಂದು ಒತ್ತು ತಪ್ಪಿದರೆ ಆಮೇಲಿನ ಎಲ್ಲ ಸಮಯವೂ ಒಂದು ಸ್ಥಾನ ಜರುಗುತ್ತದೆ. ಆದ್ದರಿಂದ ಪ್ರತಿ ಹತ್ತನೆಯವರ ನಂಬರಿನ ಮುಂದೆ ಗಡಿಯಾರದ ಸಮಯವನ್ನೂ ಕೂಗಿ ಬರೆಸಬೇಕು. ತಪ್ಪಿದರೂ ತಪ್ಪು ಹತ್ತರೊಳಗೆ ಸಿಕ್ಕಿಬೀಳುತ್ತದೆ. ಹೊರಟವರ ಸಂಖ್ಯೆಯಿಂದ ದಾರಿಯಲ್ಲಿ ಬಿಟ್ಟವರನ್ನು ಕಳೆದರೆ ಪಟ್ಟಿಯ ಸಂಖ್ಯೆ ಬರಬೇಕು. ಬಾರದಿದ್ದರೆ ಯಾರೋ ದಾರಿಯಲ್ಲಿದ್ದಾರೆ, ಸೈಕಲ್ ವಾಪಸು ಹೋಗಬೇಕು.

ಆ ಪಟ್ಟಿಯನ್ನು ಮೊದಲ ಹತ್ತು ಹೆಸರಿಗೆ ಕತ್ತರಿಸದೆ ಪೂರ್ತಿಯಾಗಿ, ಕನ್ನಡ ಮಲಯಾಳ ಎರಡು ಲಿಪಿಯಲ್ಲೂ ಬರೆದು ಅದೇ ಸಂಜೆ ಗುಂಪಿಗೆ ಹಾಕಿ, ಒಂದು ಪ್ರತಿಯನ್ನು ಗ್ರಂಥಾಲಯದ ಹಲಗೆಗೆ ಅಂಟಿಸಿ. ಒಂದು ಗಂಟೆ ಹನ್ನೆರಡು ನಿಮಿಷ ಎಂದು ತಮ್ಮ ಹೆಸರಿನ ಮುಂದೆ ನೋಡಿದವರು ಮುಂದಿನ ಸಲಕ್ಕೆ ಎಷ್ಟು ಇಳಿಸಬೇಕೆಂದು ಅಲ್ಲೇ ನಿಂತು ಲೆಕ್ಕ ಹಾಕುತ್ತಾರೆ.